ಅಮ್ಮೋನಿಗೆ ಹಿತ್ತಾಳೆ ಆಗದು

ಸೇಲಂ ಸೆವ್ವಾಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಕೊಡ, ತಪ್ಪಲೆ ತೋರಿಸುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ದಾಸಪ್ಪ. ಯಾರಾದರೂ ಕೊಡ ಕೇಳಿದರೆ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಗೆಣ್ಣಿನಿಂದ ಒಂದು ಸಲ ಕುಟ್ಟಿ, ಕಣ್ಣು ಮುಚ್ಚಿ ಆ ಸದ್ದು ಪೂರ್ತಿ ಅಡಗುವವರೆಗೆ ಕೇಳಿ, ಆಮೇಲೆ "ಒಳ್ಳೇ ಮೆಟಲ್ಲು" ಎಂದು ತೀರ್ಪು ಕೊಡುತ್ತಿದ್ದ. ಅಂಗಡಿಯಲ್ಲಿದ್ದ ಎಲ್ಲ ಕೊಡಗಳಿಗೂ ಅದೇ ತೀರ್ಪು. ಆದರೆ ಅವನು ಕಣ್ಣು ಮುಚ್ಚುವ ರೀತಿ ನೋಡಿದವರಿಗೆ, ಈ ಮನುಷ್ಯನಿಗೆ ಲೋಹದ ಒಳಗಿನ ಮಾತು ಕೇಳಿಸುತ್ತದೆ ಎಂಬ ನಂಬಿಕೆ ಹುಟ್ಟುತ್ತಿತ್ತು. ಕೊನೆಗೆ ದಾಸಪ್ಪನಿಗೂ ಹುಟ್ಟಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಅವನ ಹೆಂಡತಿ ಪುಷ್ಪಾಳ ತವರು ಮಾರಂಡಹಳ್ಳಿ ಪಕ್ಕದ ಒಂದು ಹಳ್ಳಿ. ಅಲ್ಲಿ ಅವಳ ಅಣ್ಣ ಕೃಷ್ಣಪ್ಪ ಟೊಮೇಟೊ ಬೆಳೆದು ಸಾಕಾಗಿ, ನಾಟಿಕೋಳಿ ಸಾಕಿ ಮೊಟ್ಟೆ ಮಾರೋಣವೆಂದು ಹೊಲದ ಅಂಚಿಗೆ ಒಂದು ಉದ್ದನೆಯ ಕೋಳಿ ಶೆಡ್ಡು ಎಬ್ಬಿಸಿದ. ಶೆಡ್ಡಿಗೆ ಸೂರು ಹೊದಿಸುವ ಹೊತ್ತಿಗೆ ಮನೆಯಲ್ಲಿ ಒಂದು ನಾಮಕರಣ ಬಂತು. ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದಾಗ ಕೃಷ್ಣಪ್ಪ ಭಾವನೆಂಟನನ್ನು ಕೇಳಿದ:

"ಮಾಪ್ಳೆ, ಶೆಡ್ಡಿಗೆ ಕೊಕ್ಕೆ, ಕಂಬಿ, ನಲ್ಲಿ ಎಲ್ಲಾ ಆಕ್ಬೇಕು. ವೆಲ್ಡಿಂಗ್‌ನವನು ಸ್ಟೇನ್‌ಲೆಸ್ ಸ್ಟೀಲ್ ಆಕು ಅಂತಾನೆ. ನೀವೇನ್ ಏಳ್ತೀರಾ? ನಿಮಗೇ ಗೊತ್ತಿರೋದು ಮೆಟಲ್ಲು."

ಸಾಲಿನಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ದಾಸಪ್ಪನ ಕಡೆ ತಿರುಗಿದರು. ಅವರು ತಮ್ಮ ಪಾಡಿಗೆ ಉಂಡಿದ್ದರೆ ಅವನು "ವೆಲ್ಡಿಂಗ್‌ನವನು ಏಳಿದಂಗೆ ಮಾಡು" ಎಂದುಬಿಡುತ್ತಿದ್ದನೇನೋ. ಇಡೀ ಪಂಕ್ತಿ ತುತ್ತನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿರುವಾಗ ಅಷ್ಟು ಸಣ್ಣ ಉತ್ತರ ಕೊಡಲು ಮನಸ್ಸಾದರೂ ಹೇಗೆ ಬಂದೀತು? ದಾಸಪ್ಪ ಕಣ್ಣು ಮುಚ್ಚಿದ. ತೆರೆದ.

"ಇತ್ತಾಳೆ" ಎಂದ. "ನಿಮ್ಮ ದೇವರ ಮನೆ ದೀಪ ಯಾವತ್ತಾದ್ರೂ ತುಕ್ಕು ಇಡಿದೈತಾ?"

ಯಾರ ಮನೆಯ ದೀಪವೂ ತುಕ್ಕು ಹಿಡಿದಿರಲಿಲ್ಲ. ತುತ್ತುಗಳು ಬಾಯಿಗೆ ಹೋದವು.

ಹೀಗೆ ಕೋಳಿ ಶೆಡ್ಡಿನ ಮೇವಿನ ಡಬ್ಬಗಳು ಹಿತ್ತಾಳೆ ಕೊಕ್ಕೆಗಳಿಗೆ ನೇತುಬಿದ್ದವು. ನಲ್ಲಿಗಳು ಹಿತ್ತಾಳೆಯಾದವು. ಕೋಳಿಗಳಿಗೆ ನೀರು ಹರಿಸಲು ಒಳಗೇ ಮೇಲೆ ಇಟ್ಟ ದೊಡ್ಡ ಡ್ರಮ್ಮನ್ನು ಹೊತ್ತ ಹಲಗೆಯನ್ನು ಕೂಡ ಹಿತ್ತಾಳೆ ಕಂಬಿಗಳಲ್ಲಿ ಸೂರಿನ ತೊಲೆಗೆ ತೂಗುಹಾಕಿದರು. ಕಂಬಿಗಳನ್ನು ದಾಸಪ್ಪನೇ ಸೇಲಂನಿಂದ ಬಸ್ಸಿನಲ್ಲಿ ತಂದು, ತಾನೇ ನಿಂತು ಸುತ್ತಿಗೆಯಲ್ಲಿ ಬಡಿಸಿ ಬಗ್ಗಿಸಿದ. ಊರಿನವರು ಬಂದು ನೋಡಿ "ಇತ್ತಾಳೆ ಶೆಡ್ಡು" ಎಂದು ಹೆಸರಿಟ್ಟರು. ಪಕ್ಕದ ಮನೆಯ ಪಾಪಾತಿ ಮಾತ್ರ, "ನನ್ನ ಮದುವೇಲಿ ಕೂಡ ಇಷ್ಟು ಇತ್ತಾಳೆ ಕೊಡ್ಲಿಲ್ಲ, ಈ ಕೋಳಿಗಳಿಗೆ ಬಂದ ಯೋಗ ಪಾರು, ನೋಡು" ಎಂದು ಮೂಗು ಮುರಿದಳು.

ಮಾರ್ಗಳಿ ತಿಂಗಳ ಚಳಿ ಬಂತು. ಕೋಳಿಗಳಿಗೆ ಥಂಡಿಯಾದೀತೆಂದು ಕೃಷ್ಣಪ್ಪ ಶೆಡ್ಡಿನ ಎರಡೂ ಬದಿಗೆ ಗೋಣಿ ಪರದೆ ಇಳಿಬಿಟ್ಟ. ಅದಾದ ಕೆಲವೇ ದಿನಕ್ಕೆ ಸೇಲಂಗೆ ಫೋನ್ ಬಂತು.

"ಮಾಪ್ಳೆ, ಒಂದು ಕೊಕ್ಕೆ ಮುರಕೊಂಡೈತೆ. ತುಕ್ಕಿಲ್ಲ, ಏನಿಲ್ಲ. ಟಿಕ್ ಅಂತ ಸದ್ದು ಬಂತು, ಡಬ್ಬ ಕೆಳಕ್ಕೆ ಬಿತ್ತು."

"ಕೋಳಿ ಮೇಲೆ ಅತ್ತಿ ಕೂತಿರ್ತವೆ. ತೂಕ ಜಾಸ್ತಿ ಆಗಿರ್ತೈತೆ."

"ಇರಬೋದು."

ಮರುದಿನ ಮತ್ತೆ ಫೋನ್. "ಇನ್ನೊಂದು ಓಯ್ತು ಮಾಪ್ಳೆ. ಇದರ ಅತ್ರಕ್ಕೆ ಯಾವ ಕೋಳೀನೂ ಓಗಿರ್ಲಿಲ್ಲ."

ದಾಸಪ್ಪ ಧೈರ್ಯದಿಂದ "ಬರ್ತೀನಿ, ನೋಡ್ತೀನಿ" ಎಂದು ಫೋನ್ ಇಟ್ಟ. ಕೃಷ್ಣಪ್ಪ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಬಗ್ಗಿಸಿದ ಜಾಗದಲ್ಲಿಯೇ ಕೊಕ್ಕೆ ಒಡೆದಿತ್ತು, ಒಣಗಿದ ಹಪ್ಪಳ ಮುರಿದ ಹಾಗೆ. ಅವತ್ತು ಅಂಗಡಿಯಲ್ಲಿ ಒಂದು ಕೊಡ ಕುಟ್ಟಿ ಕಣ್ಣು ಮುಚ್ಚಿದವನು ಕಣ್ಣು ತೆರೆಯುವುದನ್ನೇ ಮರೆತು ನಿಂತುಬಿಟ್ಟ. ಗಿರಾಕಿ ಬೇರೆ ಅಂಗಡಿಗೆ ಹೋದಳು.

ಅದೃಷ್ಟಕ್ಕೋ ದುರದೃಷ್ಟಕ್ಕೋ ಮರುದಿನ ಬೆಳಿಗ್ಗೆ ಶ್ರೀನಿಧಿ ಅಂಗಡಿಗೆ ಬಂದರು. ಸೇಲಂನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಗಳ ವಿಷಯವನ್ನೇ ಪಾಠ ಮಾಡುವವರು; ಮನೆಯಲ್ಲಿ ಕನ್ನಡ ಮಾತಾಡುವವರಾದ್ದರಿಂದ ದಾಸಪ್ಪನ ಹತ್ತಿರವೇ ವ್ಯಾಪಾರ. ಪೂಜೆಗೆ ಒಂದು ಪಂಚಪಾತ್ರೆ ಕೇಳಿದರು. ದಾಸಪ್ಪ ಪಂಚಪಾತ್ರೆಯ ಬದಲು ಫೋನನ್ನು ಅವರ ಮುಂದೆ ಹಿಡಿದ.

"ಸಾರ್, ನಮ್ಮ ಸ್ನೇಹಿತರೊಬ್ಬರು ಕೋಳಿ ಶೆಡ್ಡಿಗೆ ಹಿತ್ತಾಳೆ ಹಾಕಿಸಿದಾರೆ. ಇದ್ದಕ್ಕಿದ್ದ ಹಾಗೆ ಮುರಿದಿದೆ."

"ಕೋಳಿ ಶೆಡ್ಡಿಗೆ ಹಿತ್ತಾಳೆನಾ?" ಶ್ರೀನಿಧಿ ನಕ್ಕರು. "ಯಾರು ಅಂಥ ಸಲಹೆ ಕೊಟ್ಟ ಮಹಾನುಭಾವರು?"

"ಅವರ ಕಡೆಯವರು ಯಾರೋ" ಎಂದ ದಾಸಪ್ಪ.

"ನೋಡಿ, ಕೋಳಿ ಹಿಕ್ಕೆಯಿಂದ ಅಮೋನಿಯಾ ಗ್ಯಾಸ್ ಬರುತ್ತೆ. ಅದೂ ತೇವ ಇದ್ದು, ಗಾಳಿ ಆಡದೆ ಇದ್ದರೆ ಇನ್ನೂ ಜಾಸ್ತಿ, ಕಣ್ಣಲ್ಲಿ ನೀರು ಬರಿಸುತ್ತೆ. ಆ ಗ್ಯಾಸ್‌ಗೂ ತಾಮ್ರ, ಹಿತ್ತಾಳೆಗೂ ಜನ್ಮದ ವೈರ. ಅದರಲ್ಲೂ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದ ಜಾಗ ಇರುತ್ತಲ್ಲ, ಅಲ್ಲಿ ಕಣ್ಣಿಗೆ ಕಾಣದ ಹಾಗೆ ಒಳಗೇ ಬಿರುಕು ಬಿಡುತ್ತಾ ಹೋಗುತ್ತೆ. ಹೊರಗೆ ತುಕ್ಕು ಕಾಣೋದೇ ಇಲ್ಲ. ಒಂದು ದಿನ ಟಿಕ್ ಅಂತ ಮುರಿಯುತ್ತೆ."

"ಟಿಕ್ ಅಂತಲೇ ಮುರೀತು ಸಾರ್" ಎಂದ ದಾಸಪ್ಪ, ಸಣ್ಣ ದನಿಯಲ್ಲಿ.

"ಸತು ಲೇಪಿಸಿದ ತಂತಿಯೂ ಅಲ್ಲಿ ಬಹಳ ಕಾಲ ಬಾಳಲ್ಲ, ಲೇಪ ತಿಂದುಹೋಗುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಿತ್ತು. ಕೊಕ್ಕೆ ಹೋದರೆ ಹೋಗಲಿ ಬಿಡಿ, ಡಬ್ಬ ಬೀಳುತ್ತೆ ಅಷ್ಟೆ. ಭಾರ ಏನಾದರೂ ಹಿತ್ತಾಳೆ ಮೇಲೆ ನೇತುಹಾಕಿಲ್ಲ ತಾನೆ?"

ದಾಸಪ್ಪನ ಕಣ್ಣ ಮುಂದೆ ಡ್ರಮ್ಮು ತೂಗಾಡಿತು. ಅದರ ಕೆಳಗಿನ ಜಾಗವೂ ಕಂಡಿತು. ಅಲ್ಲಿ ದಿನಾ ಬೆಳಿಗ್ಗೆ ಅವನ ಅತ್ತೆ ವೆಂಕಟಲಕ್ಷ್ಮಮ್ಮ ಒಂದು ಮಣೆ ಹಾಕಿಕೊಂಡು ಮೊಟ್ಟೆ ಒರೆಸುತ್ತ ಕೂರುವರು. ಆ ಮಣೆಯನ್ನು ಬೇರೆ ಕಡೆ ಹಾಕಿಕೊಳ್ಳಿ ಎಂದರೆ, ತಂಪಾಗಿರುವುದು ಇಲ್ಲೇ ಎನ್ನುವರು.

ಶ್ರೀನಿಧಿ ಪಂಚಪಾತ್ರೆ ಎಲ್ಲಿ ಎಂದು ಕೇಳುವಷ್ಟರಲ್ಲಿ ದಾಸಪ್ಪ ಅಂಗಡಿಯ ಹೊರಗೆ ಫುಟ್‌ಪಾತಿನಲ್ಲಿ ನಿಂತು ಕೃಷ್ಣಪ್ಪನಿಗೆ ಫೋನ್ ಮಾಡುತ್ತಿದ್ದ. ಕೃಷ್ಣಪ್ಪ ಫೋನನ್ನು ಮನೆಯಲ್ಲೇ ಬಿಟ್ಟು ಪಾಲಕೋಡು ಮಾರ್ಕೆಟ್ಟಿಗೆ ಹೋಗಿದ್ದ. ಫೋನ್ ಎತ್ತಿದ್ದು ವೆಂಕಟಲಕ್ಷ್ಮಮ್ಮ.

ಇಲ್ಲಿ ಎರಡು ಸಂಗತಿ ಹೇಳಬೇಕು. ಆ ಮನೆತನದಲ್ಲಿ ಅತ್ತೆ ಅಳಿಯನ ಎದುರಿಗೆ ಬರುವುದಿಲ್ಲ. ಬಾಗಿಲ ಹಿಂದೆ ನಿಂತು, ಸೆರಗು ಹೊದ್ದು, ಗೋಡೆಗೆ ಹೇಳಿದ ಹಾಗೆ ಮಾತಾಡುವುದು. ಹಾಗಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ನೇರವಾಗಿ ಮಾತಾಡಿದ್ದೇ ಕಡಿಮೆ. ಇನ್ನೊಂದು, ವೆಂಕಟಲಕ್ಷ್ಮಮ್ಮನಿಗೆ ಕಿವಿ ಮಂದ. ಸೆವ್ವಾಪೇಟೆಯ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ಅತ್ತೇ, ನಾನು ದಾಸಪ್ಪ! ಶೆಡ್ಡೊಳಕ್ಕೆ ಓಗ್ಬೇಡಿ!"

"ಯಾಕೆ ಅಳಿಯಂದ್ರೇ? ಒಳಗೆ ಯಾರವ್ರೆ?"

"ಅಮೋನಿಯಾ ಐತೆ!"

"ಯಾರೂ?"

"ಅಮೋನಿಯಾ! ಅ... ಮೋ... ನಿ..." ಲಾರಿ ಹಾರ್ನ್.

"ಅಮ್ಮೋನಿ?"

"ಊಂ, ಅದೇ!"

ದೇವರ ಹೆಸರು ಕೇಳಿದವರಂತೆ ವೆಂಕಟಲಕ್ಷ್ಮಮ್ಮ ಆ ಕಡೆ ದನಿ ತಗ್ಗಿಸಿದರು. ಆಮೇಲೆ ಮೆಲ್ಲಗೆ: "ಯಾವಾಗಿಂದ ಅವ್ಳೆ?"

"ಕೋಳಿ ಬಂದಾಗಿಂದ್ಲೂ ಐತೆ! ಕಣ್ಣಿಗೆ ಕಾಣಕಿಲ್ಲ!"

"ತಾಯೀ! ಅಂಗಾದ್ರೆ ಗೊತ್ತಾಗೋದು ಎಂಗೆ?"

"ಒಳಕ್ಕೆ ಓದೋರ ಕಣ್ಣಾಗೆ ತಾನಾಗೇ ನೀರು ಬತ್ತದೆ!"

"ಬತ್ತದೆ, ಬತ್ತದೆ. ನಂಗೂ ಬಂದಿತ್ತು. ಅವ್ಳಿಗೆ ಏನು ಬೇಕಂತೆ?"

"ಏನೂ ಬ್ಯಾಡ! ಇತ್ತಾಳೆ ಆಗಕಿಲ್ಲ, ಅಷ್ಟೆ! ಇತ್ತಾಳೆ ಕಂಡ್ರೆ ಮುರಿದಾಕ್ತದೆ! ನಾನು ಈಗ್ಲೇ ಒರಟು ಬತ್ತೀನಿ, ಅಲ್ಲೀಗಂಟ ಯಾರೂ ಅಂಗೇ ಒಳಕ್ಕೆ..."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಚಾರ್ಜ್ ಮುಗಿದಿತ್ತೋ, ಭಕ್ತಿಯಲ್ಲಿ ಕೈ ಎಲ್ಲಿಗೋ ತಾಗಿತ್ತೋ. ಏನೇ ಆಗಲಿ ವಿಷಯ ಮುಟ್ಟಿತಲ್ಲ ಎಂದು ದಾಸಪ್ಪ ನಿಟ್ಟುಸಿರು ಬಿಟ್ಟ. ವಿಷಯ ಮುಟ್ಟಿತ್ತು. ಎಲ್ಲಿಗೆ ಮುಟ್ಟಿತ್ತು ಎಂಬುದು ಬೇರೆ ಮಾತು.

ಅಂಗಡಿಗೆ ರಜೆ ಹೇಳಿ, ಪುಷ್ಪಾಳನ್ನು ಕರೆದುಕೊಂಡು ಧರ್ಮಪುರಿ ಬಸ್ಸು ಹತ್ತಿದ. ತೊಪ್ಪೂರು ಘಾಟಿಯಲ್ಲಿ ಮುಂದೆ ಒಂದು ಲಾರಿ ಆಮೆಯ ಹಾಗೆ ಏರುತ್ತಿತ್ತು. ದಾಸಪ್ಪ ಸೀಟಿನ ಅಂಚಿಗೆ ಜಾರಿ, ಎರಡೂ ಕಾಲನ್ನು ನೆಲಕ್ಕೆ ಒತ್ತಿ ಕೂತ. ಹಾಗೆ ಒತ್ತಿದರೆ ಬಸ್ಸು ಬೇಗ ಹೋಗುತ್ತದೆ ಎಂದುಕೊಂಡಿದ್ದ.

"ಏನ್ರೀ ಆಯ್ತು ನಿಮಗೆ? ಕೊಕ್ಕೆ ಮುರಿದ್ರೆ ಬೇರೆ ಕೊಕ್ಕೆ ಆಕ್ತಾರೆ" ಎಂದಳು ಪುಷ್ಪಾ.

"ಏನಿಲ್ಲ."

"ಇತ್ತಾಳೆ ಸರಿ ಇಲ್ವಾ?"

"ಇತ್ತಾಳೆ ಸರಿಯಾಗೇ ಐತೆ. ಜಾಗ ಸರಿ ಇಲ್ಲ."

ಪುಷ್ಪಾ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಪಂಕ್ತಿಯಲ್ಲಿ ಅವನು ಕಣ್ಣು ಮುಚ್ಚಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಆದರೆ ತವರಿನವರ ಮುಂದೆ ಗಂಡನ ಮಾತು ತೆಗೆದುಹಾಕುವುದು ಹೇಗೆಂದು ಸುಮ್ಮನಿದ್ದಳು. ಈಗಲೂ ಕಿಟಕಿಯ ಕಡೆ ತಿರುಗಿಕೊಂಡಳು. ಅದಿಯಮಾನ್‌ಕೋಟೆ ದಾಟುವವರೆಗೆ ದಾಸಪ್ಪ ಮನಸ್ಸಿನಲ್ಲೇ ಒಂದು ಮಾತು ತಯಾರು ಮಾಡಿದ: ಹಿತ್ತಾಳೆ ಮೋಸದ್ದು ಕೊಟ್ಟಿದ್ದಾರೆ, ಕಂಪನಿ ಸರಿ ಇಲ್ಲ. ಪಾಲಕೋಡಿನಲ್ಲಿ ಬಸ್ಸು ಬದಲಾಯಿಸುವಾಗ ಅದನ್ನು ಕೈಬಿಟ್ಟ. ಕಂಬಿ ತಂದವನು ತಾನೇ ಅಲ್ಲವೆ.

ಊರು ತಲುಪಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯಲ್ಲೂ ಇರಲಿಲ್ಲ. ಹೊಲದ ಕಡೆಯಿಂದ ಜನರ ಸದ್ದು, ಅಳುವ ಸದ್ದು ಕೇಳಿಸಿತು. "ಅಯ್ಯೋ, ಬಿದ್ದೇಬಿಡ್ತು" ಎನ್ನುತ್ತ ದಾಸಪ್ಪ ಚಪ್ಪಲಿ ಬಿಟ್ಟು ಓಡಿದ. ಏನು ಬಿತ್ತೆಂದು ತಿಳಿಯದೆ ಪುಷ್ಪಾ ಹಿಂದೆ ಓಡಿದಳು.

ಶೆಡ್ಡಿನ ಬಾಗಿಲಿಗೆ ಬೇವಿನ ತೋರಣ ಕಟ್ಟಿತ್ತು. ಎರಡೂ ಕಡೆ ಅರಿಶಿನ, ಕುಂಕುಮ. ಗೋಣಿ ಪರದೆಗಳ ಮೇಲೆ ಇನ್ನೊಂದು ಸುತ್ತು ಸೀರೆ, ಜಮಖಾನ ಮುಚ್ಚಿ, ಒಂದು ಬೆರಳು ಗಾಳಿ ನುಸುಳದಂತೆ ಕಟ್ಟಿದ್ದರು. ಒಳಗಿನಿಂದ ಹೆಂಗಸರು ಸಾಲಾಗಿ ಹೊರಗೆ ಬರುತ್ತಿದ್ದರು. ಎಲ್ಲರ ಕಣ್ಣಲ್ಲೂ ಧಾರೆ.

"ಪಾರು ಸಾಮಿ, ಪಾರು!" ಪಾಪಾತಿ ಕೆನ್ನೆ ಒರೆಸಿಕೊಳ್ಳುತ್ತ ಓಡಿಬಂದಳು. "ನಾನು ನಂಬಿರ್ಲಿಲ್ಲ. ಒಳಗೆ ಕಾಲಿಟ್ಟೆ, ನನ್ನ ಗಂಡ ಸತ್ತಾಗ ಕೂಡ ಇಷ್ಟು ಕಣ್ಣೀರು ಬರ್ಲಿಲ್ಲ!"

ಯಾರಿಗೂ ಏನೂ ಆಗಿಲ್ಲ ಎಂದು ತಿಳಿದು ದಾಸಪ್ಪನಿಗೆ ಉಸಿರು ಬಂತು. ಆದರೆ ಏನು ಆಗಿದೆ ಎಂದು ತಿಳಿಯುವಷ್ಟರಲ್ಲಿ ಅವನ ಕೊರಳಿಗೆ ಒಂದು ಚೆಂಡುಹೂವಿನ ಹಾರ ಬಿತ್ತು. ಹಾಕಿದವನು ಕೃಷ್ಣಪ್ಪ.

"ಮಾಪ್ಳೆ, ಸೇಲಂನಾಗೆ ಕೂತೇ ನಿಮಗೆ ತಿಳೀತಲ್ಲ! ಅಮ್ಮೋನಿ ಬಂದು ನಮ್ಮ ಶೆಡ್ಡಾಗೆ ನಿಂತವ್ಳೆ. ಅವ್ವ ಎಲ್ಲಾ ಏಳಿದ್ರು. ಇತ್ತಾಳೆ ಆಗಲ್ವಂತೆ, ಅದಕ್ಕೇ ಕೊಕ್ಕೆ ಮುರಿದಾಕವ್ಳೆ. ನಾನು ದಡ್ಡ, ಕೋಳಿ ತೂಕ ಅಂದ್ಕೊಂಡಿದ್ದೆ."

ದಾಸಪ್ಪ ಬಾಯಿ ತೆರೆದ. ಆಗ ಅವನ ತಲೆಯಲ್ಲಿ ಒಂದು ಸಣ್ಣ ಬೆಳಕು ಹೊತ್ತಿತು. ಆ ಬೆಳಕು ಹೊತ್ತದೆ ಇದ್ದರೆ ಎಷ್ಟೋ ಚೆನ್ನಾಗಿತ್ತು. ಕೊಕ್ಕೆ ಮುರಿದದ್ದು ಅಮ್ಮೋನಿಯ ಕೆಲಸವಾದರೆ, ಹಿತ್ತಾಳೆ ಹಾಕಿಸಿದವನನ್ನು ಯಾರು ಕೇಳುತ್ತಾರೆ? ಮೆಲ್ಲಗೆ ಹಿತ್ತಾಳೆಯನ್ನೆಲ್ಲ ತೆಗೆಸಿ, ಸ್ಟೀಲ್ ಹಾಕಿಸಿದರೆ ಆಯಿತು. ಡ್ರಮ್ಮೂ ಉಳಿಯಿತು, ಹೆಸರೂ ಉಳಿಯಿತು. ತೆರೆದ ಬಾಯನ್ನು ಮುಚ್ಚಿ, ಗಂಭೀರವಾಗಿ ತಲೆಯಾಡಿಸಿದ.

"ಊಂ. ಅದಕ್ಕೇ ಇತ್ತಾಳೆ ಎಲ್ಲಾ ಈಗ್ಲೇ ಬಿಚ್ಚಿ. ಮೊದಲು ಡ್ರಮ್ಮು ಇಳಿಸಿ."

"ಮುಟ್ಟಕೂಡದು!" ಶೆಡ್ಡಿನ ಒಳಗಿನಿಂದ, ಪರದೆಯ ಹಿಂದಿನಿಂದ, ವೆಂಕಟಲಕ್ಷ್ಮಮ್ಮನ ದನಿ ಬಂತು. "ಅವ್ಳು ಮುರಿಯೋದು ಅವ್ಳೇ ಮುರೀಲಿ. ನಾವು ಕೈ ಆಕಿದ್ರೆ ಕೋಪ ಮಾಡ್ಕೋತಾಳೆ. ಅಳಿಯಂದ್ರಿಗೆ ಏಳು ಕೃಷ್ಣಪ್ಪಾ."

ಒಳಗೆ ಹೋದ ದಾಸಪ್ಪನ ಮೂಗಿಗೆ ಮೊದಲು ಗ್ಯಾಸು ಹೊಡೆಯಿತು, ಆಮೇಲೆ ಕಣ್ಣಿಗೆ. ಮಂಜಿನಲ್ಲಿ ನೋಡಿದ ಹಾಗೆ ನೋಡಿದ. ಬೆಳಗಿನಿಂದ ಕೊಡಗಟ್ಟಲೆ ಅರಿಶಿನ ನೀರು, ಹಾಲು ಚೆಲ್ಲಿ ನೆಲಕ್ಕೆ ಹಾಸಿದ್ದ ಹೊಟ್ಟು ಗೊಜ್ಜಾಗಿತ್ತು. ಶ್ರೀನಿಧಿ ಹೇಳಿದ ತೇವ ಇದೇ, ಗಾಳಿಯಾಡದ ಜಾಗವೂ ಇದೇ. ಅಮೋನಿಯಾ ಹೆಚ್ಚು ಮಾಡುವ ಕಾರ್ಖಾನೆ ಕಟ್ಟು ಎಂದು ಸರ್ಕಾರವೇ ಹೇಳಿದ್ದರೂ ಇಷ್ಟು ಚೆನ್ನಾಗಿ ಕಟ್ಟಲು ಆಗುತ್ತಿರಲಿಲ್ಲ. ಕೋಳಿಗಳು ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿದ್ದವು.

"ಬೆಳಗಿಂದ ಧ್ಯಾನ ಮಾಡ್ತವೆ" ಎಂದು ಒಬ್ಬಳು ಕೈಮುಗಿದಳು.

ತಲೆಯ ಮೇಲೆ ಡ್ರಮ್ಮು. ಅಮ್ಮನಿಗೆ ಕಡಿಮೆಯಾಗಬಾರದೆಂದು ಅದನ್ನು ಕಂಠದವರೆಗೆ ತುಂಬಿಸಿದ್ದರು. ಅದರ ನೇರ ಕೆಳಗೆ ಮಣೆಯ ಮೇಲೆ, ಮುಖದ ಮೇಲೆ ಸೆರಗು ಎಳೆದುಕೊಂಡು ವೆಂಕಟಲಕ್ಷ್ಮಮ್ಮ. ಸುತ್ತ ಊರಿನ ಮುದುಕಿಯರು. ಮುಂದಿನ ಕೊಕ್ಕೆ ಮುರಿಯುವುದನ್ನು ಕಣ್ಣಾರೆ ನೋಡಲು ಎಲ್ಲರೂ ಕತ್ತೆತ್ತಿ ಕೂತಿದ್ದರು. ಜಾಗಕ್ಕಾಗಿ ಜಗಳ ಕೂಡ ಆಗಿತ್ತಂತೆ. ಡ್ರಮ್ಮಿನ ಕೆಳಗಿನಿಂದ ಎಲ್ಲ ಕೊಕ್ಕೆಗಳೂ ಚೆನ್ನಾಗಿ ಕಾಣುತ್ತವೆ.

ದಾಸಪ್ಪ ಡ್ರಮ್ಮಿನ ನಲ್ಲಿಯ ಕಡೆ ಕೈ ತೋರಿಸಿದ.

"ಡ್ರಮ್ಮಿನ ನೀರು ಬಿಡಿ" ಎಂದ.

"ತೀರ್ಥ ಸಾಮಿ ಅದು! ನೆಲಕ್ಕೆ ಚೆಲ್ಲಾಕಾ?"

"ಪರದೆನಾದ್ರೂ ಎತ್ತಿ. ಅಮ್ಮಂಗೆ... ಅಮ್ಮಂಗೆ ಗಾಳಿ ಬೇಕಂತೆ."

ಒಂದು ಪರದೆ ಎತ್ತಿದರು. ತಣ್ಣನೆ ಗಾಳಿ ಒಳಬಂತು. ಜನರ ಕಣ್ಣೀರು ಸ್ವಲ್ಪ ಕಡಿಮೆಯಾಯಿತು. "ಅಯ್ಯೋ, ಓಗ್ತಾ ಅವ್ಳೆ, ಓಗ್ತಾ ಅವ್ಳೆ!" ಎಂದು ಎಲ್ಲರೂ ಕೂಗಿ, ಪರದೆಯನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದರು.

"ಮುದುಕಿಯರು ಆಚೆಗೆ ಕೂತ್ಕೊಳ್ಲಿ, ಅಮ್ಮ ಅಂಗಂತ ಏಳವ್ಳೆ" ಎಂದ ದಾಸಪ್ಪ ಕೊನೆಯ ಪ್ರಯತ್ನವಾಗಿ.

ಪಾಪಾತಿ ಕಣ್ಣು ಕಿರಿದು ಮಾಡಿದಳು. "ನಿಮ್ಮತ್ರ ಅಷ್ಟೆಲ್ಲಾ ಮಾತಾಡ್ತಾಳಾ? ಅಂಗಾದ್ರೆ ನನ್ನ ಮೂಗುತಿ ಎಲ್ಲಿ ಬಿದ್ದೋಗೈತೆ ಕೇಳಿ ಸಾಮಿ."

ಇಡೀ ಶೆಡ್ಡು ಅವನ ಕಡೆ ತಿರುಗಿತು. ಒಂದು ಕೋಳಿ ಕೆಮ್ಮಿತು. ದಾಸಪ್ಪ ಅಭ್ಯಾಸದಂತೆ ಕಣ್ಣು ಮುಚ್ಚಿದ. ಲೋಹದ ವಿಷಯವಾಗಿದ್ದರೂ ಈ ಸಲ ಏನೂ ಹೊಳೆಯಲಿಲ್ಲ. ಮುಚ್ಚಿದ ಕಣ್ಣಿನಿಂದಲೂ ನೀರು ಸುರಿಯಿತು. ಅದರಲ್ಲಿ ಅಮೋನಿಯಾದ ಪಾಲೆಷ್ಟು, ಭಯದ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ.

ಅವನನ್ನು ಸದ್ಯಕ್ಕೆ ಉಳಿಸಿದ್ದು ಹೊರಗಿನ ಬೈಕಿನ ಸದ್ದು. ಕೋಳಿಗಳು ಕೆಮ್ಮುತ್ತಿವೆ ಎಂದು ಕೃಷ್ಣಪ್ಪ ಮಾರ್ಕೆಟ್ಟಿನಿಂದ ಬರುವಾಗಲೇ ಪಶುವೈದ್ಯರಿಗೆ ಹೇಳಿಬಂದಿದ್ದ. ಡಾಕ್ಟರ್ ವಿಶ್ವನಾಥನ್ ಒಳಗೆ ಒಂದು ಹೆಜ್ಜೆ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದು, ಮೂಗಿಗೆ ಕರ್ಚೀಫು ಹಿಡಿದರು.

"ಯಾರು ಪಾ ಇದೆಲ್ಲಾ ಮೂಡಿ ವೆಚ್ಚದು?" ಎಂದು, ಬಿಗಿಯಾಗಿ ಮುಚ್ಚಿದ್ದ ಪರದೆಗಳನ್ನು ತೋರಿಸಿ ತಮಿಳಿನಲ್ಲಿ ಕೂಗಿದರು. "ಒಳಗೆ ಪೂರಾ ಅಮೋನಿಯಾ!"

ಶೆಡ್ಡಿನಲ್ಲಿ ಹೋ ಎಂಬ ಉದ್ಗಾರ ಎದ್ದಿತು.

"ಗವರ್ಮೆಂಟ್ ಡಾಕ್ಟರೇ ಏಳಿಬಿಟ್ರು!"

"ಕಾಲಿಡ್ತಿದ್ದಂಗೇ ತಿಳೀತು ನೋಡು!"

ಇಬ್ಬರು ಹೆಂಗಸರು ಡಾಕ್ಟರ ಕಾಲಿಗೆ ಬಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಹಸುವಿನ ಒದೆ ಬಿಟ್ಟರೆ ಬೇರೇನೂ ಕಾಣದ ವಿಶ್ವನಾಥನ್ ಗಾಬರಿಯಾಗಿ ಹಿಂದೆ ಸರಿದರು. "ಅಯ್ಯೋ, ಎಂದಿರಿಂಗಮ್ಮಾ, ಎದ್ದೇಳಿ. ಮೊದಲು ಅಮೋನಿಯಾ ಹೊರಗೆ ಹೋಗಬೇಕು, ಇಲ್ಲದಿದ್ದರೆ ಕೋಳಿ ಉಳಿಯಲ್ಲ."

ಉದ್ಗಾರ ನಿಂತಿತು. ಅಮ್ಮನನ್ನು ಹೊರಗೆ ಕಳಿಸಬೇಕಂತೆ. ಗಂಡಸರು ಡಾಕ್ಟರನ್ನು ನೋಡುವ ರೀತಿ ಬದಲಾಯಿತು. "ಯಾರ್ ನೀ, ನಮ್ಮ ಅಮ್ಮನ್ನ ಓಡಿಸಕ್ಕೆ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಡಾಕ್ಟರು ಬೈಕಿನ ಕೀಲಿ ಹುಡುಕಿದರು.

ಅದೇ ಹೊತ್ತಿಗೆ ದಾಸಪ್ಪ ಮೇಲೆ ನೋಡಿದ.

ಡ್ರಮ್ಮಿನ ಹಲಗೆ ಹಿಡಿದ ಕಂಬಿಯ ಬಾಗಿದ ಜಾಗದಲ್ಲಿ, ಅವನೇ ನಿಂತು ಬಡಿಸಿದ ಜಾಗದಲ್ಲಿ, ಕೂದಲೆಳೆಯಂಥ ಒಂದು ಗೆರೆ ಇತ್ತು. ಅವನು ನೋಡುತ್ತಿದ್ದಂತೆ ಗೆರೆ ಅಗಲವಾಯಿತು. ಹಲಗೆ ಒಂದು ಬದಿಗೆ ವಾಲಿ, ಡ್ರಮ್ಮಿನಿಂದ ಒಂದು ಬೊಗಸೆ ನೀರು ಅತ್ತೆಯ ತಲೆಯ ಮೇಲೆ ಬಿತ್ತು. "ಅಮ್ಮ ತೀರ್ಥ ಕೊಟ್ಳು!" ಎಂದು ವೆಂಕಟಲಕ್ಷ್ಮಮ್ಮ ಕೈ ಜೋಡಿಸಿದರು.

"ಅತ್ತೇ, ಏಳಿ!" ದಾಸಪ್ಪ ಕಿರುಚಿದ. "ಅಮ್ಮನೂ ಇಲ್ಲ, ಯಾರೂ ಇಲ್ಲ! ಅದು ಗ್ಯಾಸು! ಕೋಳಿ ಇಕ್ಕೆ ಗ್ಯಾಸು! ಇತ್ತಾಳೆ ಆಕಿಸಿದ್ದು ನನ್ನ ತಪ್ಪು! ನಂಗೆ ಮೆಟಲ್ಲು ಗೊತ್ತಿಲ್ಲ! ಯಾವತ್ತೂ ಗೊತ್ತಿರ್ಲಿಲ್ಲ! ಡ್ರಮ್ಮು ಬೀಳ್ತದೆ, ಎಲ್ಲಾ ಆಚೆಗೆ ಓಗಿ!"

ಒಬ್ಬರೂ ಅಲುಗಲಿಲ್ಲ.

"ಮೈಮೇಲೆ ಬಂದೈತೆ" ಎಂದು ಯಾರೋ ಪಿಸುಗುಟ್ಟಿದರು. ಕರ್ಪೂರ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ಪಾಪಾತಿ ಕೂಡ ಕೈಮುಗಿದಳು. ಜೀವನದಲ್ಲಿ ಮೊದಲ ಸಲ ದಾಸಪ್ಪ ನಿಜ ಹೇಳಿದ್ದ. ಅದನ್ನು ಯಾರೂ ನಂಬಲಿಲ್ಲ.

ಆಮೇಲೆ ಅವನು ಮಾಡಿದ ಕೆಲಸವನ್ನು ಆ ಊರಿನಲ್ಲಿ ಅದುವರೆಗೆ ಯಾವ ಅಳಿಯನೂ ಮಾಡಿರಲಿಲ್ಲ. ಕೊರಳ ಹಾರ ಕಿತ್ತೆಸೆದು, ಮುದುಕಿಯರ ನಡುವೆ ನುಗ್ಗಿ, ಇಷ್ಟು ವರ್ಷ ಮುಖ ಕೂಡ ಸರಿಯಾಗಿ ನೋಡಿರದ ಅತ್ತೆಯನ್ನು ಸೊಂಟ ಹಿಡಿದು ಎತ್ತಿ, ರಾಗಿ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಓಡಿದ.

"ಏನ್ರೀ! ನಮ್ಮವ್ವ ರೀ!" ಎಂದು ಪುಷ್ಪಾ ಚೀರಿದಳು.

"ಅತ್ತೆನ್ನ ಮುಟ್ಟಿಬಿಟ್ಟ!" ಎಂದು ಒಬ್ಬ ಕೂಗಿದ. "ಇಡೀರೋ ಅವನ್ನ!"

ಭಕ್ತಿಗೆ ಅಲುಗದವರು ಮರ್ಯಾದೆಯ ಪ್ರಶ್ನೆಗೆ ಒಟ್ಟಿಗೆ ಎದ್ದರು. ಗಂಡಸರು ಕೋಲು ಹಿಡಿದು, ಮುದುಕಿಯರು ಬೈಗುಳ ಹಿಡಿದು, ಪಾಪಾತಿ ಎಲ್ಲರಿಗಿಂತ ಮುಂದೆ, ಇಡೀ ಶೆಡ್ಡು ಖಾಲಿಯಾಗಿ ದಾಸಪ್ಪನ ಹಿಂದೆ ಓಡಿತು. ಡಾಕ್ಟರು ಕೂಡ ಏನೂ ಅರ್ಥವಾಗದೆ ಓಡಿದರು. ದಾಸಪ್ಪ ಬಾಗಿಲು ದಾಟಿ, ಬೇವಿನ ತೋರಣ ಹರಿದುಕೊಂಡು, ಬದುವಿನ ಮೇಲಿದ್ದ ಒಂದು ಚಪ್ಪಡಿ ಕಲ್ಲಿನವರೆಗೆ ಹೋಗಿ, ಅತ್ತೆಯನ್ನು ಅದರ ಮೇಲೆ ಕೂರಿಸಿದ. ಮೊದಲ ಕೋಲು ಅವನ ಬೆನ್ನ ಮೇಲೆ ಎದ್ದಿತ್ತು. ಆಗ ಹಿಂದಿನಿಂದ "ಟಿಕ್" ಎಂದಿತು.

ಅದರ ಹಿಂದೆಯೇ ಇಡೀ ಶೆಡ್ಡು ನಡುಗುವಂತೆ ದಡಾಲ್ ಎಂದಿತು. ಬಾಗಿಲಿನಿಂದ ಹೊಳೆಯ ಹಾಗೆ ನೀರು ನುಗ್ಗಿ, ಜನರ ಕಾಲ ಕೆಳಗೆ ಹರಿದು ಹೋಯಿತು. ನೀರಿನ ಜೊತೆ ಅತ್ತೆಯ ಮಣೆ ಬಂತು, ಎರಡು ತುಂಡಾಗಿ. ಅದರ ಹಿಂದೆ ಧ್ಯಾನ ಬಿಟ್ಟ ಕೋಳಿಗಳು ರೆಕ್ಕೆ ಬಡಿಯುತ್ತ ಹೊಲಕ್ಕೆ ಓಡಿದವು.

ಎತ್ತಿದ ಕೋಲು ಹಾಗೇ ನಿಂತಿತು. ಆ ಮಣೆಯ ಸುತ್ತ ಕೂತಿದ್ದ ಮುದುಕಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಪುಷ್ಪಾ ಮಣೆಯ ತುಂಡು ಎತ್ತಿಕೊಂಡು ನೋಡಿ, ನೆಲದ ಮೇಲೆ ಕುಸಿದಳು. ಈ ಸಲ ಅವಳ ಕಣ್ಣಲ್ಲಿ ಬಂದ ನೀರಿಗೆ ಗ್ಯಾಸು ಕಾರಣವಾಗಿರಲಿಲ್ಲ.

ಡಾಕ್ಟರು ಪರದೆಗಳನ್ನು ತಾವೇ ಕಿತ್ತು ಎಳೆದರು. ಗಾಳಿ ಆಡಿ ಕಣ್ಣುರಿ ನಿಂತ ಮೇಲೆ, ಅಮೋನಿಯಾ ಎಂದರೆ ಏನು, ಅದು ಯಾಕೆ ಬರುತ್ತದೆ ಎಂದು ಎಲ್ಲರಿಗೂ ತಮಿಳಿನಲ್ಲಿ ವಿವರಿಸಿದರು. ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಬೇಕು, ಚಳಿಯಾದರೂ ಪರದೆಯ ಮೇಲಿನ ಅರ್ಧ ತೆರೆದಿರಬೇಕು ಎಂದರು. ಜನ ತಲೆಯಾಡಿಸಿದರು. ಪಾಪಾತಿ ಮಾತ್ರ ಕೊನೆಯಲ್ಲಿ, "ಅಂಗಾದ್ರೆ ನನ್ನ ಮೂಗುತಿ ಸಿಗಲ್ವಾ?" ಎಂದು ಕೇಳಿ ಮನೆಯ ಕಡೆ ನಡೆದಳು.

ಕೃಷ್ಣಪ್ಪ ಭಾವನೆಂಟನ ಮುಂದೆ ಬಂದು ನಿಂತ. ಅವನ ಮುಖದಲ್ಲಿ ಕೋಪ ಒಂದು ಕಡೆ, ತಾಯಿ ಉಳಿದ ನೆಮ್ಮದಿ ಇನ್ನೊಂದು ಕಡೆ.

"ಗೊತ್ತಿಲ್ಲ ಅಂತ ಅವತ್ತೇ ಏಳಬಾರದಿತ್ತಾ ಮಾಪ್ಳೆ?"

"ಎಲ್ಲಾರೂ ಊಟ ನಿಲ್ಲಿಸಿಬಿಟ್ರು" ಎಂದ ದಾಸಪ್ಪ.

ದಾಸಪ್ಪ ತಾನಾಗಿ ಫೋನ್ ತೆಗೆದು, ಶ್ರೀನಿಧಿಯವರಿಗೆ ಮಾಡಿ, "ಸಾರ್, ಆ ಸ್ನೇಹಿತರು ನಮ್ಮ ಭಾವನೆಂಟರೇ, ಆ ಮಹಾನುಭಾವ ನಾನೇ" ಎಂದು ಹೇಳಿ, ಫೋನನ್ನು ಕೃಷ್ಣಪ್ಪನ ಕೈಗೆ ಕೊಟ್ಟು ದೂರ ಹೋಗಿ ನಿಂತ. ಯಾವ ಸ್ಟೀಲು, ಎಷ್ಟು ದಪ್ಪ, ಡ್ರಮ್ಮನ್ನು ಮೇಲೆ ನೇತುಹಾಕದೆ ಶೆಡ್ಡಿನ ಹೊರಗೆ ಕಟ್ಟೆಯ ಮೇಲಿಡುವುದು ಹೇಗೆ, ಕರೆಂಟು ವೈರಿನ ತಾಮ್ರಕ್ಕೆ ಗ್ಯಾಸು ತಾಗದಂತೆ ಏನು ಮಾಡುವುದು ಎಂದು ಅವರು ಬಹಳ ಹೊತ್ತು ಮಾತಾಡಿದರು. ನಡುವೆ ಕೃಷ್ಣಪ್ಪ ಎರಡು ಸಲ ತಿರುಗಿ ದಾಸಪ್ಪನನ್ನು ನೋಡಿದ, ಅವನ ಅಭಿಪ್ರಾಯ ಕೇಳುವವನಂತೆ. ದಾಸಪ್ಪ ಎರಡು ಸಲವೂ ಗಟ್ಟಿಯಾಗಿ ತುಟಿ ಕಚ್ಚಿಕೊಂಡು ಟೊಮೇಟೊ ಗಿಡಗಳನ್ನು ನೋಡಿದ. ಅತ್ತೆಯನ್ನು ಹೊರುವುದಕ್ಕಿಂತ ಅದು ಅವನಿಗೆ ಕಷ್ಟವಾಯಿತು.

ಈ ಗಲಾಟೆಯಲ್ಲಿ ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದ ವೆಂಕಟಲಕ್ಷ್ಮಮ್ಮನನ್ನು ಎಲ್ಲರೂ ಮರೆತಿದ್ದರು. ಜನ ಚದುರಿದ ಮೇಲೆ ಪುಷ್ಪಾಳಿಗೆ ನೆನಪಾಯಿತು. ಹೋಗಿ ನೋಡಿದರೆ ಮುದುಕಿ ಸೆರಗನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡು, ಸುಮ್ಮನೆ ಕೂತಿದ್ದರು.

"ಅವ್ವಾ, ಎಲ್ಲಾದ್ರೂ ಪೆಟ್ಟಾಯ್ತಾ?"

"ಇಲ್ಲ."

"ಅದು ಅಮ್ಮ ಅಲ್ವಂತೆ, ಗ್ಯಾಸಂತೆ."

"ಕೇಳ್ತು. ಮೊದ್ಲೇ ಗ್ಯಾಸು ಅಂದಿದ್ರೆ ನಂಗೂ ತಿಳೀತಿತ್ತು. ನಮ್ಮ ಮನೇಲಿ ಸಿಲಿಂಡರ್ ಇಲ್ವಾ?"

ದಾಸಪ್ಪ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅತ್ತೆಯನ್ನು ಮುಟ್ಟಿದ ಅಪರಾಧಕ್ಕೆ ಏನು ಶಿಕ್ಷೆ ಬರುತ್ತದೋ ಎಂದು ಅವನ ಕಿವಿಗಳು ಕೆಂಪಾಗಿದ್ದವು. ಕೃಷ್ಣಪ್ಪ ಬಂದು, "ಏಳವ್ವಾ, ಮನೇಗೆ ಓಗಾನ" ಎಂದು ತಾಯಿಯ ಕಡೆ ಕೈ ಚಾಚಿದ.

ವೆಂಕಟಲಕ್ಷ್ಮಮ್ಮ ಕೈ ಹಿಡಿಯಲಿಲ್ಲ. ಮನೆಯವರೆಗಿನ ಉಳುಮೆಯ ಹೊಲವನ್ನು ಒಂದು ಸಲ ನೋಡಿದರು. ಆಮೇಲೆ, ಗೋಡೆಯೊಂದೂ ಇಲ್ಲದ ಆ ಬಯಲಿನಲ್ಲಿ, ಸೆರಗಿನ ಮರೆಯಿಂದಲೇ ಹೇಳಿದರು:

"ನೀನ್ ಬ್ಯಾಡ ಕೃಷ್ಣಪ್ಪಾ, ನಿಂಗೆ ಸೊಂಟ ನೋವು. ಅಳಿಯಂದ್ರೇ ತಂದು ಕೂರಿಸವ್ರೆ. ಅವ್ರೇ ವಾಪಸ್ ಬಿಡ್ಲಿ."